ಮಾದರಿ ರೈಲು ಸ್ವಿಚ್ ಮೇಲೆಯೇ ಹಳಿ ತಪ್ಪುವುದು ಏಕೆ?

ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ರೈಲು ಒಳಬರುವ ಸದ್ದನ್ನು ಗಮನಿಸಿದ್ದೀರಾ? ದೂರದಲ್ಲಿ ಒಂದೇ ಸಮನೆ ಕೇಳುತ್ತಿದ್ದ ಚಕ್ರಗಳ ಸದ್ದು ನಿಲ್ದಾಣ ಹತ್ತಿರವಾದಂತೆ ಟಕಟಕ ಎಂದು ಒಡೆಯುತ್ತದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು–ಹಾಸನದ ಮಾರ್ಗ ಬಂದು ಸೇರುವ ಜಾಗ ಇದು. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಸ್ವಿಚ್‌ಗಳನ್ನು ಚಕ್ರ ದಾಟುವಾಗ ಹೀಗೆ ಸದ್ದಾಗುತ್ತದೆ.

ನಮ್ಮ ಸೋದರಮಾವ ಇರುವುದು ಹಳೇಬೀಡಿನಲ್ಲಿ. ಅಲ್ಲಿಗೆ ರೈಲಿಲ್ಲ, ಬೇಲೂರಿಗೂ ಇಲ್ಲ. ಅವರು ಓದಿನ ದಿನಗಳಲ್ಲಿ ರೈಲು ಹಿಡಿಯಲು ಬಾಣಾವರಕ್ಕೋ ಅರಸೀಕೆರೆಗೋ ಬರಬೇಕಿತ್ತು. ನಿವೃತ್ತಿಯ ನಂತರ ಅವರಿಗೊಂದು ಆಸೆ ಹುಟ್ಟಿತು: ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಲೆ ಅರಸೀಕೆರೆ ನಿಲ್ದಾಣದ ಮಾದರಿ ಕಟ್ಟಬೇಕು. ಈ ಹವ್ಯಾಸದಲ್ಲಿ ಅದಕ್ಕೆ ಲೇಔಟ್ ಎನ್ನುತ್ತಾರೆ. ಸೈಟು ಮಾರುವ ಲೇಔಟ್ ಅಲ್ಲ! ಕಣ್ಣಿನ ಪೊರೆ ಹೆಚ್ಚುವುದರೊಳಗೆ ಮುಗಿಸಬೇಕೆಂಬ ಅವಸರವೂ ಇತ್ತು. ಹಳಿ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಡಿಮೆ ಜಾಗ ಹಿಡಿಯುವ ಚಿಕ್ಕ ಸ್ವಿಚ್‌ಗಳನ್ನು ತರಿಸಿದೆ. ಎಂಜಿನ್ ದಾಟಿತು, ಬೋಗಿಗಳು ಬಿದ್ದವು. ಎಂಜಿನ್ ಸರಿಯಿಲ್ಲ ಎಂದು ಮಾವ, ಬೋಗಿ ಹಗುರ ಎಂದು ನಾನು. ಇಬ್ಬರೂ ತಪ್ಪು.

ಸ್ವಿಚ್ ಒಳಗೆ ಏನಾಗುತ್ತದೆ?

ಸ್ವಿಚ್‌ನಲ್ಲಿ ಚಲಿಸುವ ಭಾಗ ಎರಡೇ, ನಾಲಿಗೆಯಂತೆ ಮೊನಚಾದ ಎರಡು ಹಳಿಗಳು. ಅವು ಯಾವ ಬದಿಗೆ ಅಂಟಿಕೊಳ್ಳುತ್ತವೆ ಎಂಬುದರ ಮೇಲೆ ರೈಲಿನ ದಾರಿ ತೀರ್ಮಾನವಾಗುತ್ತದೆ. ಸ್ವಲ್ಪ ಮುಂದೆ ಒಂದು ದಾರಿಯ ಹಳಿ ಇನ್ನೊಂದು ದಾರಿಯ ಹಳಿಯನ್ನು ಅಡ್ಡ ದಾಟಲೇಬೇಕು. ಈ ಜಾಗಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಚಕ್ರದ ಅಂಚು ಹಾದುಹೋಗಲು ಇಲ್ಲಿ ಹಳಿಯಲ್ಲೇ ಸಣ್ಣ ಬಿಟ್ಟ ಜಾಗವಿರುತ್ತದೆ. ಆ ಕ್ಷಣದಲ್ಲಿ ಚಕ್ರ ದಾರಿ ತಪ್ಪದಂತೆ ಎದುರು ಬದಿಯಲ್ಲಿ ಒಂದು ಕಾವಲು ಹಳಿ ಇನ್ನೊಂದು ಚಕ್ರದ ಬೆನ್ನನ್ನು ಹಿಡಿದಿರುತ್ತದೆ.

ಎಷ್ಟು ಬೇಗ ಎರಡು ದಾರಿ ಬೇರೆಯಾಗುತ್ತವೆ ಎನ್ನುವುದಕ್ಕೆ ರೈಲ್ವೆಯಲ್ಲಿ ಒಂದು ಅಳತೆಯಿದೆ. ‘12ಕ್ಕೆ 1’ ಎಂದರೆ ಕ್ರಾಸಿಂಗ್‌ನಲ್ಲಿ 12 ಅಡಿ ಮುಂದೆ ಹೋದರೆ ಹಳಿಗಳ ನಡುವೆ ಒಂದು ಅಡಿ ಅಂತರ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಪ್ರಯಾಣಿಕರ ರೈಲು ತಿರುಗುವಲ್ಲಿ ಸಾಮಾನ್ಯವಾಗಿ ಬಳಸುವುದು ಇದನ್ನೇ. ಯಾರ್ಡ್‌ಗಳಲ್ಲಿ 8.5ಕ್ಕೆ 1 ಕೂಡ ಇರುತ್ತದೆ. 12ಕ್ಕೆ 1 ಸ್ವಿಚ್‌ನ ತಿರುವಿನ ತ್ರಿಜ್ಯ 441 ಮೀಟರ್! ಅಷ್ಟಿದ್ದರೂ ಅಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 30 ಕಿ.ಮೀ.

ಈಗ ಇದನ್ನು ಮಾದರಿಗೆ ಇಳಿಸೋಣ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲ್‌ನಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. 441 ಮೀಟರ್ ಸುಮಾರು 5 ಮೀಟರ್ ಆಗುತ್ತದೆ. ನಮ್ಮ ಬ್ರಾಡ್‌ಗೇಜ್ ಮಾರ್ಗದಲ್ಲಿ ಒಪ್ಪಿಗೆಯಿರುವ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್. ಮಾದರಿಯಲ್ಲಿ ಅದೂ 2 ಮೀಟರ್. ನಾನು ತರಿಸಿದ್ದ ಸ್ವಿಚ್‌ನ ತ್ರಿಜ್ಯ 438 ಮಿಲಿಮೀಟರ್, ಅಂದರೆ ನಿಜದಲ್ಲಿ 38 ಮೀಟರ್. ಅಲ್ಲಿ ಎಕ್ಸ್‌ಪ್ರೆಸ್ ರೈಲನ್ನು ಕೆಎಸ್ಸಾರ್ಟಿಸಿ ಬಸ್ಸಿನಂತೆ ತಿರುಗಿಸಲು ಹೊರಟಿದ್ದೆವು.

ಹಾಗಾದರೆ ಎಷ್ಟು ಸಾಕು?

5 ಮೀಟರ್ ತ್ರಿಜ್ಯ ಯಾರ ಮನೆಯಲ್ಲೂ ಸಾಧ್ಯವಿಲ್ಲ, ಅದು ಬೇಕಾಗಿಯೂ ಇಲ್ಲ. ಹವ್ಯಾಸಿಗಳು ನೆಚ್ಚುವ ಒಂದು ಲೆಕ್ಕವಿದೆ: ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯ ಎರಡೂವರೆ ಪಟ್ಟಿಗಿಂತ ತ್ರಿಜ್ಯ ಕಡಿಮೆಯಾಗಬಾರದು. ಈಗಿನ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 23.5 ಮೀಟರ್, ಎಚ್‌ಒದಲ್ಲಿ 27 ಸೆಂಟಿಮೀಟರ್. ಎರಡೂವರೆ ಪಟ್ಟು ಎಂದರೆ 67 ಸೆಂ.ಮೀ. ಪೆಕೊ ಕಂಪನಿಯ ಸಾಮಾನ್ಯ ಸ್ವಿಚ್‌ಗಳು ಮೂರು ಅಳತೆಯಲ್ಲಿ ಬರುತ್ತವೆ: ತ್ರಿಜ್ಯ 61, 91 ಮತ್ತು 152 ಸೆಂ.ಮೀ. ಎಲ್‌ಎಚ್‌ಬಿ ಓಡಿಸುವವರಿಗೆ ಮೊದಲನೆಯದು ಸಾಲದು, ಎರಡನೆಯದು ಸಾಕು.

ಇಲ್ಲಿ ಒಂದು ತಮಾಷೆಯಿದೆ. ಈ ಮೂರರ ಉದ್ದ ಸುಮಾರು 18.5, 22 ಮತ್ತು 26 ಸೆಂ.ಮೀ. ಚಿಕ್ಕದಕ್ಕೂ ದೊಡ್ಡದಕ್ಕೂ ಏಳೂವರೆ ಸೆಂಟಿಮೀಟರ್ ಅಷ್ಟೇ ವ್ಯತ್ಯಾಸ! ಚಿಕ್ಕ ಸ್ವಿಚ್ ತೆಗೆದುಕೊಂಡರೆ ಜಾಗ ಉಳಿಯುತ್ತದೆ ಎನ್ನುವುದು ಬಹುಮಟ್ಟಿಗೆ ಭ್ರಮೆ. ಜಾಗ ಉಳಿಸಬೇಕೆಂದರೆ ಸ್ವಿಚ್‌ಗಳ ಸಂಖ್ಯೆಯನ್ನೇ ಇಳಿಸಿ. ಅರಸೀಕೆರೆಯ ಎಲ್ಲ ಹಳಿಗಳನ್ನೂ ತರಲು ಹೋಗಬೇಡಿ. ಮೂರು ಹಳಿ, ಐದಾರು ಬೋಗಿಯ ರೈಲು ಇದ್ದರೆ ನೋಡುವವರಿಗೆ ಜಂಕ್ಷನ್ ಎನಿಸುತ್ತದೆ. 24 ಬೋಗಿಯ ಪೂರ್ತಿ ರೈಲು ಬೇಕೆಂದರೆ ಆರೂವರೆ ಮೀಟರ್ ಪ್ಲಾಟ್‌ಫಾರಂ ಬೇಕು.

ಇನ್ನೊಂದು ಎಚ್ಚರ. ಎರಡು ಸ್ವಿಚ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಪಕ್ಕದ ಹಳಿಗೆ ದಾಟಿಸುವಾಗ ದಾರಿ ಹಾವಿನಂತೆ ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳುತ್ತದೆ. ಮುಂದಿನ ಬೋಗಿಯ ತುದಿ ಒಂದು ಕಡೆ, ಹಿಂದಿನದರ ತುದಿ ಇನ್ನೊಂದು ಕಡೆ ಚಾಚಿಕೊಂಡು ನಡುವಿನ ಕೊಂಡಿ ಚಕ್ರವನ್ನು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಬೋಗಿಗಳು ಬೀಳುತ್ತಿದ್ದುದು ಇಲ್ಲಿಯೇ. ಎರಡರ ನಡುವೆ ಒಂದು ಬೋಗಿಯಷ್ಟು ನೇರ ಹಳಿ ಇಡಿ. ಆಗದಿದ್ದರೆ ಅಲ್ಲಿಗೆ ದೊಡ್ಡ ತ್ರಿಜ್ಯದ ಸ್ವಿಚ್ ಹಾಕಿ.

ಎಂಜಿನ್ ಸ್ವಿಚ್ ಮೇಲೆ ನಿಂತುಹೋದರೆ?

ಇದು ವಿದ್ಯುತ್ತಿನ ಸಮಸ್ಯೆ. ಮಾದರಿ ಎಂಜಿನ್ ಎರಡು ಹಳಿಗಳಿಂದ ವಿದ್ಯುತ್ ಪಡೆಯುತ್ತದೆ. ಕ್ರಾಸಿಂಗ್‌ನಲ್ಲಿ ಎರಡೂ ಬದಿಯ ಹಳಿಗಳು ಸೇರುವುದರಿಂದ ಶಾರ್ಟ್ ಆಗದಿರಲೆಂದು ಕೆಲವು ಸ್ವಿಚ್‌ಗಳಲ್ಲಿ ಆ ಭಾಗವನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆ. ಉದ್ದದ ಎಂಜಿನ್‌ಗಳು ಅದನ್ನು ದಾಟಿಬಿಡುತ್ತವೆ. ನಾಲ್ಕು ಚಕ್ರದ ಚಿಕ್ಕ ಶಂಟಿಂಗ್ ಎಂಜಿನ್ ಅಲ್ಲೇ ನಿಲ್ಲುತ್ತದೆ. ಅಂಥವುಗಳಿಗೆ ಲೋಹದ ಕ್ರಾಸಿಂಗ್ ಇರುವ ಸ್ವಿಚ್ ಬೇಕು. ನಾಲಿಗೆ ಬದಲಾದಂತೆ ಕ್ರಾಸಿಂಗ್‌ಗೆ ಬರುವ ವಿದ್ಯುತ್ ಕೂಡ ಬದಲಾಗಬೇಕು, ಒಂದು ಸಣ್ಣ ಮೈಕ್ರೋಸ್ವಿಚ್ ಸಾಕು.

ಹಳಿಯ ಲೋಹದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ‘ನಿಕಲ್ ಸಿಲ್ವರ್’ ಹಳಿಯಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಆದರೂ ಅದನ್ನೇ ಕೊಳ್ಳಿ. ಮಲೆನಾಡಿನ ಸೆರಗಿನಲ್ಲಿರುವ ಬೇಲೂರು, ಹಳೇಬೀಡಿನ ಮಳೆಗಾಲದ ತೇವಕ್ಕೆ ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ. ಅದೇ ತೇವಕ್ಕೆ ಪ್ಲೈವುಡ್ ಕೂಡ ಉಬ್ಬುತ್ತದೆ. ಹಾಗಾಗಿ ಪ್ಲೈವುಡ್‌ನ ಎರಡೂ ಬದಿಗೆ ಬಣ್ಣ ಬಳಿಯಿರಿ, ಹಳಿಗಳ ಕೀಲಿನಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಜಾಗ ಬಿಡಿ.

ಹಳಿಯ ಎತ್ತರಕ್ಕೆ ‘ಕೋಡ್’ ಸಂಖ್ಯೆ ಇರುತ್ತದೆ. ಕೋಡ್ 100 ಎಂದರೆ 2.54 ಮಿ.ಮೀ., ನಿಜದಲ್ಲಿ 22 ಸೆಂ.ಮೀ. ಎತ್ತರದ ಹಳಿ! ನಮ್ಮ 60 ಕೆ.ಜಿ. ಹಳಿಯ ಎತ್ತರ 17.2 ಸೆಂ.ಮೀ. ಮಾತ್ರ. ಕೋಡ್ 75 ಅಥವಾ 83 ಕಣ್ಣಿಗೆ ಹೊಂದುತ್ತದೆ.

ಯಾವ ಕಾಲದ ಅರಸೀಕೆರೆ?

ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪಿನ 1,435 ಮಿ.ಮೀ. ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಅಂದರೆ ಮಾದರಿಯಲ್ಲಿ 19.3 ಇರಬೇಕು. ಹೆಚ್ಚಿನವರು ಈ ಸುಳ್ಳನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ತಪ್ಪೇನಿಲ್ಲ, ಪಕ್ಕದಿಂದ ನೋಡಿದರೆ ತಿಳಿಯುವುದೂ ಇಲ್ಲ.

ಆದರೆ ಅರಸೀಕೆರೆ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಅದಕ್ಕೂ ಮುಂಚೆ, ಸುಮಾರು ನೂರು ವರ್ಷ, ಅಲ್ಲಿದ್ದುದು ಮೀಟರ್‌ಗೇಜ್. 1,000 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 11.5. ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲುಗಳಿಗಾಗಿ 12 ಮಿ.ಮೀ. ಅಗಲದ ಎಚ್‌ಒಎಂ ಹಳಿ, ಸ್ವಿಚ್‌ಗಳು ಸಿದ್ಧವಾಗಿ ಬರುತ್ತವೆ. ವ್ಯತ್ಯಾಸ ಅರ್ಧ ಮಿಲಿಮೀಟರ್! ಇಂದಿನ ಅರಸೀಕೆರೆಗಿಂತ ಅಂದಿನದನ್ನು ಸರಿಯಾದ ಅಳತೆಯ ಹಳಿಯಲ್ಲಿ ಕಟ್ಟುವುದು ಸುಲಭ. ಬೋಗಿಗಳೂ ಚಿಕ್ಕವು. ಕಷ್ಟವಿರುವುದು ರೈಲುಗಳದ್ದು, ನಮ್ಮ ಮೀಟರ್‌ಗೇಜ್ ಎಂಜಿನ್, ಬೋಗಿಗಳನ್ನು ಹೆಚ್ಚಾಗಿ ಕೈಯಲ್ಲೇ ಕಟ್ಟಿಕೊಳ್ಳಬೇಕು.

ಈ ಲೆಕ್ಕ ತೋರಿಸಿದಾಗ ಮಾವ ಹೆಚ್ಚು ಯೋಚಿಸಲಿಲ್ಲ. ಅವರಿಗೆ ಬೇಕಿದ್ದುದು ತಾವು ಹತ್ತಿಳಿದ ನಿಲ್ದಾಣ. ಹಳೆಯ ಹಳಿ ಕಿತ್ತು 12 ಮಿ.ಮೀ. ಹಳಿ ಹಾಕಿದ್ದೇವೆ, ಸ್ವಿಚ್‌ಗಳು ನಾಲ್ಕೇ. ಮೋಟರ್ ಬೇಡವೆಂದರು, ಸನ್ನೆಕೋಲು ಕೈಯಲ್ಲೇ ಎಳೆಯುತ್ತಾರೆ. ವೇಗದ ಲೆಕ್ಕವೊಂದನ್ನು ಮಾತ್ರ ಗೋಡೆಗೆ ಅಂಟಿಸಿಕೊಂಡಿದ್ದಾರೆ: ಗಂಟೆಗೆ 30 ಕಿ.ಮೀ. ಎಂದರೆ ಎಚ್‌ಒದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 10 ಸೆಂ.ಮೀ., ಒಂದು ಮೀಟರ್ ದಾಟಲು ಹತ್ತು ಸೆಕೆಂಡು. ಸ್ವಿಚ್ ಮೇಲೆ ಅದಕ್ಕಿಂತ ಬೇಗ ಓಡಿಸಿದರೆ ನನಗೂ ಬೈಗುಳ ತಪ್ಪುವುದಿಲ್ಲ.