ಕುಂಡಕ್ಕೊಂದು ಕುಚ್ಚಿನ ಅಂಗಿ: ಮನೆಯಲ್ಲೇ ಟಫ್ಟಿಂಗ್ ಮಾಡುವ ಬಗೆ



ಕಳೆದ ರಾಜ್ಯೋತ್ಸವದಂದು ಅಕ್ಕಲಕೋಟೆಯ ನಮ್ಮ ವೇದಿಕೆಯ ಮೇಲೆ ಮೂರು ಹೂವಿನ ಕುಂಡಗಳನ್ನು ಇಟ್ಟಿದ್ದು ಹಲವರಿಗೆ ನೆನಪಿರಬಹುದು. ಅವುಗಳಿಗೆ ಕೆಂಪು-ಹಳದಿ ನೂಲಿನ ಹೊದಿಕೆ ಹಾಕಿ, ಒಂದೊಂದರ ಮೇಲೆ ಒಂದೊಂದು ಅಕ್ಷರ, ‘ಕ’, ‘ನ್ನ’, ‘ಡ’ ಎಂದು ಮೂಡಿಸಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಅನೇಕರು ಇದನ್ನು ಮಾಡುವುದು ಹೇಗೆ ಎಂದು ಕೇಳಿದರು. ಬರೆದು ತಿಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಮೂರು ಹೊದಿಕೆಗಳಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೂವಿನ ಕುಂಡಕ್ಕೆ ಮರಾಠಿಯಲ್ಲಿ ಬಳಸುವ ಪದವನ್ನು ನಮ್ಮ ಕನ್ನಡದಲ್ಲಿ ನಾಲ್ಕು ಜನರ ನಡುವೆ ಹೇಳುವಂತಿಲ್ಲ. ಗಡಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಉದ್ದಕ್ಕೂ ‘ಕುಂಡ’ ಎಂದೇ ಬರೆಯುತ್ತೇನೆ.

ಟಫ್ಟಿಂಗ್ ಎಂದರೇನು?

ಸೊಲ್ಲಾಪುರದವರಿಗೆ ಇದನ್ನು ತಿಳಿಸುವುದು ಸುಲಭ. ಕೈಗೆ ಒಂದು ಸೊಲ್ಲಾಪುರಿ ಟವೆಲ್ ತೆಗೆದುಕೊಳ್ಳಿ. ಅದರ ಮೈಮೇಲೆ ಸಣ್ಣ ಸಣ್ಣ ಕುಣಿಕೆಗಳಿವೆ. ನೀರು ಹೀರುವುದು ಆ ಕುಣಿಕೆಗಳೇ. ನಮ್ಮ ಚಾದರಕ್ಕೂ ಟೆರ್ರಿ ಟವೆಲ್ಲಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ನಿಮಗೆ ಗೊತ್ತೇ ಇದೆ.

ಟವೆಲ್ ಮಗ್ಗದಲ್ಲಿ ಹಾಸಿನ ನೂಲು ಎರಡು ಉರುಳೆಗಳಿಂದ ಬರುತ್ತದೆ. ಒಂದರ ನೂಲು ಬಿಗಿ, ಇನ್ನೊಂದರದು ಸಡಿಲು. ಎರಡು ಹೊಕ್ಕುಗಳನ್ನು ನೇಯ್ದ ಬಟ್ಟೆಯ ಅಂಚಿನಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಮೂರನೆಯದು ಬಂದಾಗ ಹಣಿಗೆ ಮೂರನ್ನೂ ಕೂಡಿಯೇ ಒತ್ತುತ್ತದೆ. ಆಗ ಬಿಗಿ ನೂಲು ಹಾಗೇ ನಿಲ್ಲುತ್ತದೆ, ಸಡಿಲು ನೂಲು ಉಬ್ಬಿ ಕುಣಿಕೆಯಾಗುತ್ತದೆ. ಬಟ್ಟೆ ಹುಟ್ಟುವಾಗಲೇ ಕುಣಿಕೆಯೂ ಹುಟ್ಟುವುದರಿಂದ ಹೊಕ್ಕಿನ ನೂಲೇ ಅದನ್ನು ಹಿಡಿದಿರುತ್ತದೆ.

ಟಫ್ಟಿಂಗ್‌ನಲ್ಲಿ ಹಾಗಲ್ಲ. ಬಟ್ಟೆ ಮೊದಲೇ ನೇಯ್ದಿರುತ್ತದೆ. ಅದರ ಹಿಂಬದಿಯಿಂದ ಸೂಜಿ ಚುಚ್ಚಿ ನೂಲನ್ನು ಮುಂಬದಿಗೆ ದೂಡಿ ಕುಣಿಕೆ ಬಿಡುತ್ತೇವೆ. ಎಲ್ಲಿಯೂ ಗಂಟು ಹಾಕುವುದಿಲ್ಲ. ಬಟ್ಟೆಯ ಎಳೆಗಳ ಹಿಡಿತ ಮತ್ತು ಹಿಂಬದಿಗೆ ಸವರುವ ಅಂಟು, ಇವೆರಡೇ ಕುಣಿಕೆಗೆ ಆಧಾರ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಈ ಕೆಲಸ ಉದ್ಯಮವಾಗಿ ಬೆಳೆದದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿನಲ್ಲಿ. ಅಲ್ಲಿ 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿನೈದು ವರ್ಷದ ಹುಡುಗಿ ಹಳೆಯ ಮಾದರಿ ನೋಡಿ ಕೈಯಿಂದ ಕುಚ್ಚಿನ ಹಾಸಿಗೆ ಹೊದಿಕೆಯೊಂದನ್ನು ಮಾಡಿದಳು. ಆ ಕಾಲದ ಹೊದಿಕೆಗಳಿಗೆ ಅಂಟು ಇರಲಿಲ್ಲ. ಬಿಸಿ ನೀರಿನಲ್ಲಿ ತೊಳೆದರೆ ಹತ್ತಿ ಬಟ್ಟೆ ಕುಗ್ಗಿ ಕುಚ್ಚುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಅಕ್ಕಪಕ್ಕದ ಹೆಂಗಸರು ಕಲಿತು ಮನೆಮನೆಯಲ್ಲಿ ಮಾಡತೊಡಗಿದರು, ಆಮೇಲೆ ಯಂತ್ರ ಬಂತು. ಇಂದು ಡಾಲ್ಟನ್ ರತ್ನಗಂಬಳಿಗೆ ಹೆಸರಾದ ಊರು.

ಬೇಕಾಗುವ ಸಾಮಾನು

ಹಾಲ್‌ನಲ್ಲಿ ಇಡುವ ಸಾಮಾನ್ಯ ಪ್ಲಾಸ್ಟಿಕ್ ಕುಂಡದ ಲೆಕ್ಕ ಹೇಳುತ್ತೇನೆ. ಮೇಲಿನ ಬಾಯಿಯ ಅಡ್ಡಳತೆ 15 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 47 ಸೆಂ.ಮೀ. ಸುಲಭವಾಗಿ ಒಳಗಿಟ್ಟು ತೆಗೆಯಲು 3 ಸೆಂ.ಮೀ. ಸೇರಿಸಿ 50 ಎಂದು ಹಿಡಿಯಿರಿ. ಎತ್ತರ 15 ಸೆಂ.ಮೀ. ಸಾಕು. ಕುಂಡ ಕೆಳಗೆ ಸಣ್ಣದಾದರೂ ಚಿಂತೆಯಿಲ್ಲ, ಬಾಯಿಯ ಅಳತೆಗೆ ನೇರ ಕೊಳವೆಯಂತೆ ಹೊಲಿದರೆ ಕೂಡುತ್ತದೆ.

ಬಟ್ಟೆ: ಹೊಸ ಗೋಣಿ ತಟ್ಟು, ನೇಯ್ಗೆ ಒತ್ತಾಗಿರಬೇಕು. 70 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ. ಹಳೆಯ ಜೋಳದ ಚೀಲ ಬೇಡ, ಅದರ ಎಳೆ ಸಡಿಲಾಗಿ ಕುಣಿಕೆ ನಿಲ್ಲುವುದಿಲ್ಲ.

ಚೌಕಟ್ಟು: ನಾಲ್ಕು ಮರದ ಪಟ್ಟಿ ಜೋಡಿಸಿ, ಒಳಗೆ 60 × 25 ಸೆಂ.ಮೀ. ಜಾಗ ಬಿಡಿ. ಬಟ್ಟೆಯನ್ನು ಸಣ್ಣ ಮೊಳೆ ಹೊಡೆದು ಹಲಗಿಯಂತೆ ಬಿಗಿಯಿರಿ. ಬೆರಳಿನಿಂದ ಬಡಿದರೆ ಶಬ್ದ ಬರಬೇಕು.

ನೂಲು: ಸೆಂಟಿಮೀಟರಿಗೆ ಎರಡು ಸಾಲು, ಸಾಲಿನಲ್ಲಿ ಸೆಂಟಿಮೀಟರಿಗೆ ಎರಡು ಕುಣಿಕೆ ಎಂದರೆ 50 × 15ರ ಜಾಗಕ್ಕೆ 3000 ಕುಣಿಕೆ. ಒಂದು ಸೆಂ.ಮೀ. ಎತ್ತರದ ಕುಣಿಕೆಗೆ ಎರಡೂವರೆ ಸೆಂ.ಮೀ. ನೂಲು ಬೇಕು. ಒಟ್ಟು 75 ಮೀಟರ್. ಕೈಯಲ್ಲಿ 90 ಇರಲಿ. ಗುಮಾಸ್ತನ ಲೆಕ್ಕ, ಕಡಿಮೆ ಬೀಳುವುದಿಲ್ಲ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ಉಣ್ಣೆ ಒಳ್ಳೆಯದು, ಅದು ನೀರು ಕಡಿಮೆ ಹೀರುತ್ತದೆ, ಕೊಳೆಯುವುದಿಲ್ಲ. ಟವೆಲ್ ಕಾರ್ಖಾನೆಯ ಪರಿಚಯ ಇದ್ದವರು ಉಳಿದ ಹತ್ತಿ ನೂಲನ್ನು ನಾಲ್ಕೈದು ಎಳೆ ಸೇರಿಸಿ ಬಳಸಬಹುದು. ಆದರೆ ಹತ್ತಿಯ ಹೊದಿಕೆ ಒಣ ಜಾಗದಲ್ಲೇ ಇರಲಿ.

ಸೂಜಿ: ‘ಪಂಚ್ ನೀಡಲ್’ ಎಂದು ಕೇಳಿದರೆ ಕಸೂತಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ಪೊಳ್ಳು, ತುದಿಯಲ್ಲಿ ಕಣ್ಣು, ಹಿಡಿಯುವುದಕ್ಕೆ ಹಿಡಿಕೆ. ವಿದ್ಯುತ್ತಿನ ಟಫ್ಟಿಂಗ್ ಗನ್ನೂ ಇದೆ. ಅದು ಬೇಗ ಕೆಲಸ ಮಾಡುತ್ತದೆ, ಬೆರಳನ್ನೂ ಬೇಗ ಚುಚ್ಚುತ್ತದೆ. ಮೊದಲು ಕೈಸೂಜಿಯಲ್ಲಿ ಕಲಿಯಿರಿ.

ಚುಚ್ಚುವ ಕ್ರಮ

ನೂಲನ್ನು ಹಿಡಿಕೆಯೊಳಗಿಂದ ತಂದು ಸೂಜಿಯ ಕಣ್ಣಿನಲ್ಲಿ ಪೋಣಿಸಿ. ಉಂಡೆ ಸಡಿಲಾಗಿ ಉರುಳುವಂತಿರಲಿ, ನೂಲು ಎಲ್ಲಿಯೂ ಜಗ್ಗಬಾರದು. ಹಿಡಿಕೆ ಬಟ್ಟೆಗೆ ತಾಗುವವರೆಗೂ ಸೂಜಿ ಒತ್ತಿರಿ. ಮೇಲೆ ತೆಗೆಯುವಾಗ ತುದಿ ಬಟ್ಟೆಯಿಂದ ಹೊರಬಂದರೆ ಸಾಕು, ಅಲ್ಲಿಂದ ಮೇಲೆ ಎತ್ತಬೇಡಿ. ಬಟ್ಟೆಯ ಮೇಲೇ ಸರಿಸಿ ಅರ್ಧ ಸೆಂ.ಮೀ. ಮುಂದೆ ಮತ್ತೆ ಚುಚ್ಚಿ. ಸೂಜಿಯ ಸೀಳು ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು. ಕುಣಿಕೆಗಳು ಬಿಟ್ಟ ಹಾಗೆ ಕಿತ್ತು ಬರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಸೂಜಿ ಎತ್ತರಕ್ಕೆ ಏಳುತ್ತಿದೆ, ಇಲ್ಲವೇ ನೂಲು ಎಲ್ಲೋ ಸಿಕ್ಕಿಕೊಂಡಿದೆ.

ಸುತ್ತಲೂ 5 ಸೆಂ.ಮೀ. ಖಾಲಿ ಅಂಚು ಬಿಡಿ. ಅಕ್ಷರ ಅಥವಾ ಹೂವು ಇದ್ದರೆ ಮೊದಲು ಅದರ ಗೆರೆ, ಆಮೇಲೆ ಅದರ ಹೊಟ್ಟೆ, ಕೊನೆಗೆ ಹಿನ್ನೆಲೆಯ ಬಣ್ಣ. ಅಕ್ಷರದ ಗೆರೆ ಮೂರು ಸಾಲಿನಷ್ಟಾದರೂ ದಪ್ಪ ಇರಲಿ. ಒತ್ತಕ್ಷರ ಮೊದಲಿಗೇ ಬೇಡ, ಕುಣಿಕೆ ಉಬ್ಬಿದಾಗ ಸಣ್ಣ ಒತ್ತು ಮುಚ್ಚಿಹೋಗುತ್ತದೆ. ‘ಮನೆ’, ‘ಶರಣು’ ಇಂಥವು ಸುಲಭ.

ಮೊದಲ ತಪ್ಪು: ಅಕ್ಷರ

ನಮ್ಮ ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳು ಸೀರೆಯ ಎರಡೂ ಬದಿಗೆ ಒಂದೇ ತರ ಕಾಣುತ್ತವೆ. ನಮ್ಮ ಅವ್ವ ಇಳಕಲ್ ಸೀರೆಗೆ ಹಾಕುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಅದೇ ಅಂದಾಜಿನಲ್ಲಿ ತಟ್ಟಿನ ಮೇಲೆ ಅಕ್ಷರವನ್ನು ನೇರವಾಗಿ ಬರೆದು ಚುಚ್ಚಿಬಿಟ್ಟೆ. ಟಫ್ಟಿಂಗ್‌ನಲ್ಲಿ ನಾವು ಕೆಲಸ ಮಾಡುವುದು ಹಿಂಬದಿಯಲ್ಲಿ, ಚಂದ ಕಾಣುವುದು ಮುಂಬದಿ. ಚೌಕಟ್ಟಿನಿಂದ ಬಿಚ್ಚಿ ತಿರುಗಿಸಿದರೆ ಮೂರೂ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ!

ಮರುದಿನ ಬೆಳಿಗ್ಗೆ ಕಾರ್ಯಕ್ರಮ. ಬಣ್ಣ ಚೆನ್ನಾಗಿದೆ, ಯಾರು ನೋಡುತ್ತಾರೆ ಎಂದು ಹಾಗೇ ಇಟ್ಟೆ. ನಾಗಣಸೂರ ಕಡೆಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ಮುಂದಿನ ಸಾಲಿನಲ್ಲಿ ಕುಳಿತೇ ಕರೆದರು: “ಏನ್ರೀ ಸೆಕ್ರೆಟ್ರಿ ಸಾಹೇಬ್ರ, ಅಕ್ಷರ ಉಲ್ಟಾ ಕುಂತಾವಲ್ರೀ!” ನಾನು ನಕ್ಕು ಕೈ ಮುಗಿದೆ.

ಆದರೆ ಅಂದು ವೇದಿಕೆ ಹತ್ತಿ ಹಾಡಿ ಕುಣಿದ ಮಕ್ಕಳಲ್ಲಿ ಒಬ್ಬರೂ ಆ ಮಾತು ಎತ್ತಲಿಲ್ಲ. ಮನೆಗೆ ಬಂದು ಮೊಮ್ಮಗಳಿಗೆ ತೋರಿಸಿದೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಹುಡುಗಿ, ಓದುವುದು ಮರಾಠಿ ಶಾಲೆಯಲ್ಲಿ. “ಯಾವುದು ಉಲ್ಟಾ ಮುತ್ತ್ಯಾ? ನನಗ ಎರಡೂ ಒಂದೇ ಕಾಣ್ತಾವ” ಅಂದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಅವಳ ಶಾಲೆಯದೂ ಅಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕಚೇರಿಯಲ್ಲಿ ದಬ್ಬಳದಿಂದ ಫೈಲು ಚುಚ್ಚಿ ದಾರ ಕಟ್ಟಿದ, ಸಂಘದ ವರದಿಗಳನ್ನೆಲ್ಲ ಕನ್ನಡದಲ್ಲಿ ಬರೆದ ನಾನು, ಅವಳ ಕೈ ಹಿಡಿದು ಒಂದು ‘ಕ’ ಬರೆಸಿರಲಿಲ್ಲ.

ಸರಿಯಾದ ಕ್ರಮ ಹೀಗೆ: ತೆಳು ಕಾಗದದ ಮೇಲೆ ಕಪ್ಪು ಶಾಯಿಯಿಂದ ಅಕ್ಷರವನ್ನು ನೇರವಾಗಿ, ದಪ್ಪವಾಗಿ ಬರೆಯಿರಿ. ಕಾಗದ ತಿರುವಿ ಕಿಟಕಿಯ ಗಾಜಿಗೆ ಹಿಡಿದರೆ ಬೆಳಕಿಗೆ ಉಲ್ಟಾ ಅಕ್ಷರ ಕಾಣುತ್ತದೆ. ಅದರ ಮೇಲೇ ಗೆರೆ ಎಳೆದು, ಆ ಉಲ್ಟಾ ರೂಪವನ್ನು ಬಟ್ಟೆಯ ಹಿಂಬದಿಗೆ ಇಳಿಸಿ. ಒಂದಕ್ಕಿಂತ ಹೆಚ್ಚು ಅಕ್ಷರ ಇದ್ದರೆ ಹಿಂಬದಿಯಲ್ಲಿ ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ಅಂಕಿಗಳಿಗೂ ಇದೇ ನಿಯಮ.

ಎರಡನೆಯ ತಪ್ಪು: ಅಂಟು

ನಾನು ಬಳಸಿದ್ದು ಮರಗೆಲಸದ ಸಾದಾ ಬಿಳಿ ಅಂಟು. ಒಣಗಿದಾಗ ಗಟ್ಟಿಯಾಗಿಯೇ ಇತ್ತು. ಆದರೆ ಆ ಅಂಟು ನೀರಿಗೆ ಮೆತ್ತಗಾಗುತ್ತದೆ. ಒಂದು ತಿಂಗಳು ಕುಂಡಕ್ಕೆ ನೀರು ಹಾಕುವಷ್ಟರಲ್ಲಿ ಕೆಳಗಿನ ಎರಡು ಸಾಲು ಕಿತ್ತು ಬಂದವು, ತಟ್ಟಿಗೆ ಬೂಷ್ಟು ಹಿಡಿಯಿತು.

ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿ ಇರುವಾಗಲೇ ಹಿಂಬದಿಗೆ ರಬ್ಬರ್ ಲೇಟೆಕ್ಸ್ ಅಂಟನ್ನು ಬ್ರಷ್‌ನಿಂದ ತೆಳ್ಳಗೆ ಸವರಿ. ಒಣಗಿದ ಮೇಲೆ ಇನ್ನೊಂದು ಸಲ. ಗಾಳಿಯಾಡುವ ನೆರಳಿನಲ್ಲಿ ಒಂದು ಇಡೀ ದಿನ ಬಿಡಿ. ಆಮೇಲೆ ಬಿಚ್ಚಿ, ಅಂಚನ್ನು 3 ಸೆಂ.ಮೀ.ಗೆ ಕತ್ತರಿಸಿ, ಒಳಕ್ಕೆ ಮಡಚಿ ಹೊಲಿಯಿರಿ. ಒಳಬದಿಗೆ ಹಳೆಯ ಹತ್ತಿ ಬಟ್ಟೆಯ ಅಸ್ತರು ಕೊಡಿ. ಎರಡು ತುದಿ ಕೂಡಿಸಿ ದಬ್ಬಳ ಮತ್ತು ಗಟ್ಟಿ ದಾರದಿಂದ ಹೊಲಿದರೆ ಅಂಗಿ ತಯಾರು. ಕೌದಿ ಹೊಲಿದ ಕೈಗಳಿಗೆ ಇದು ಅರ್ಧ ಗಂಟೆಯ ಕೆಲಸ.

ಬಳಸುವಾಗ

ಹೊದಿಕೆಯೊಳಗೆ ಒಂದು ತಟ್ಟೆ, ತಟ್ಟೆಯ ಮೇಲೆ ಕುಂಡ. ನೀರು ಹಾಕುವಾಗ ಕುಂಡವನ್ನು ಹೊರತೆಗೆದು, ಬಸಿದ ಮೇಲೆ ಒಳಗಿಡಿ. ಮಣ್ಣಿನ ಕುಂಡ ಮೈಯೆಲ್ಲ ಬೆವರುತ್ತದೆ, ಅದಕ್ಕೆ ಈ ಹೊದಿಕೆ ಬೇಡ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗ್ಯೂ ಹರಡುವ ಸೊಳ್ಳೆ ಇಂಥ ಸ್ವಲ್ಪ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಒಳಗೆ ಇಡುವ ಮನಿ ಪ್ಲಾಂಟ್‌ನಂಥ ಗಿಡಕ್ಕೆ ಇದು ಸರಿ. ತುಳಸಿಗೆ ಬಿಸಿಲು ಬೇಕು, ಅದು ಅಂಗಳದ ಕಟ್ಟೆಯಲ್ಲೇ ಇರಲಿ.

ಕೊನೆಗೆ ಒಂದು ವಿನಂತಿ

ಮುಂದಿನ ರಾಜ್ಯೋತ್ಸವಕ್ಕೆ ವೇದಿಕೆಯ ಹೊದಿಕೆಗಳನ್ನು ಮಕ್ಕಳಿಂದಲೇ ಮಾಡಿಸಬೇಕೆಂದು ನನ್ನ ಆಸೆ. ಸೊಲ್ಲಾಪುರ, ಅಕ್ಕಲಕೋಟೆ, ಮೈಂದರ್ಗಿ, ದುಧನಿ, ಆಳಂದ, ಇಂಡಿ ಎಲ್ಲ ಕಡೆಯ ಸದಸ್ಯರು ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿರಿ. ಸೂಜಿ ದೊಡ್ಡವರ ಕೈಯಲ್ಲಿ ಇರಲಿ, ಕಾಗದದ ಮೇಲೆ ಅಕ್ಷರ ಬರೆಯುವ ಕೆಲಸ ಮಕ್ಕಳದಾಗಲಿ. ಅಕ್ಷರವನ್ನು ಉಲ್ಟಾ ಮಾಡಬೇಕಾದರೆ ಮೊದಲು ನೇರ ಯಾವುದು ಎಂದು ಗೊತ್ತಿರಬೇಕಲ್ಲ!

ನಮ್ಮ ಮನೆಯಲ್ಲಿ ಶುರುವಾಗಿದೆ. ಮೊಮ್ಮಗಳು ಈಗ ತನ್ನ ಹೆಸರು ಬರೆಯುತ್ತಾಳೆ. ಹೋದ ಭಾನುವಾರ ಕಿಟಕಿಗೆ ಕಾಗದ ಹಿಡಿದು, “ಮುತ್ತ್ಯಾ, ಈ ಕಡೆಯಿಂದ ಉಲ್ಟಾ ಅದ, ನೋಡ್ರಿ” ಎಂದು ಅವಳೇ ತೋರಿಸಿದಳು.

ನೂಲು, ಸೂಜಿ ಸಿಗದವರು ಮುಂದಿನ ಸಭೆಗೆ ಬಂದಾಗ ನನ್ನನ್ನು ಕಾಣಿರಿ. ಚೌಕಟ್ಟು ಮತ್ತು ಆ ಉಲ್ಟಾ ‘ಕ’ದ ಹೊದಿಕೆ ಎರಡನ್ನೂ ತಂದಿರುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ