ಜಾಲತಾಣ ಕಟ್ಟುವ ಮುನ್ನ: ಕಾಯಕದ ಸುದ್ದಿ ತಲುಪುವ ದಾರಿ

ಶರಣ ಪರಂಪರೆಯಲ್ಲಿ ಕಾಯಕಕ್ಕೆ ಪೂಜೆಯ ಸ್ಥಾನವಿದೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಜೇಡರ ದಾಸಿಮಯ್ಯ ಎಂಬ ಹೆಸರುಗಳನ್ನು ಉಚ್ಚರಿಸಿದಾಗ ವ್ಯಕ್ತಿಗಿಂತ ಮೊದಲು ಕಾಯಕವೇ ನಮ್ಮ ಕಿವಿಗೆ ಬೀಳುತ್ತದೆ. ಚೌಡಯ್ಯನವರಂತೂ ಆ ಹೆಸರನ್ನೇ ತಮ್ಮ ವಚನಗಳ ಅಂಕಿತವಾಗಿಸಿಕೊಂಡರು. ಮಾಡುವ ಕೆಲಸವನ್ನು ಮರೆಮಾಚದೆ, ಹೆಚ್ಚಿಸಿಯೂ ಹೇಳದೆ, ಇದ್ದಂತೆ ಲೋಕಕ್ಕೆ ತಿಳಿಸುವುದು ಶರಣ ಧರ್ಮಕ್ಕೆ ಹೊರತಾದುದಲ್ಲ.

ಇಂದು ಗಾಣದ ಎಣ್ಣೆ, ಜೋಳದ ರೊಟ್ಟಿ, ಕೈಮಗ್ಗದ ಬಟ್ಟೆ ಮುಂತಾದ ಕಾಯಕಗಳಲ್ಲಿ ತೊಡಗಿರುವ ಕುಟುಂಬಗಳು ತಮ್ಮದೇ ಜಾಲತಾಣವನ್ನು ಹೊಂದಲು ಬಯಸುತ್ತಿವೆ. ಸಾಮಾನ್ಯವಾಗಿ ಮೊದಲು ಹಣ ತೊಡಗಿಸಿ ತಾಣವನ್ನು ನಿರ್ಮಿಸುತ್ತಾರೆ. ಜನರಿಗೆ ಅದನ್ನು ತಿಳಿಸುವುದು ಹೇಗೆಂಬ ಪ್ರಶ್ನೆ ಆನಂತರ ಹುಟ್ಟುತ್ತದೆ. ಈ ಕ್ರಮವನ್ನು ತಿರುಗಿಸಬೇಕು. ಯಾರು ಬರುತ್ತಾರೆ, ಯಾವ ದಾರಿಯಿಂದ ಬರುತ್ತಾರೆ, ಬಂದವರಿಗೆ ನಾವು ಎಷ್ಟು ಕೊಡಬಲ್ಲೆವು ಎಂಬುದನ್ನು ನಿಶ್ಚಯಿಸಿದ ಮೇಲೆಯೇ ತಾಣದ ರೂಪವನ್ನು ನಿರ್ಧರಿಸುವುದು ಸೂಕ್ತ. ಇದನ್ನು ಸ್ಪಷ್ಟಪಡಿಸಲು ಇಳಕಲ್ ಸೀರೆ ನೇಯುವ ಒಂದು ಕುಟುಂಬವನ್ನು ಉದಾಹರಣೆಯಾಗಿ ಭಾವಿಸಿಕೊಳ್ಳೋಣ.

ಬರುವವರು ಯಾರು?

ಇಳಕಲ್ ಸೀರೆಯನ್ನು ಬಯಸುವವರೆಲ್ಲರೂ ಒಂದೇ ಬಗೆಯವರಲ್ಲ. ಉತ್ತರ ಕರ್ನಾಟಕದಿಂದ ಬೆಂಗಳೂರಿಗೋ ವಿದೇಶಕ್ಕೋ ಹೋಗಿ ನೆಲೆಸಿದವರು ತಾಯಿ, ಅಜ್ಜಿ ಉಡುತ್ತಿದ್ದ ಸೀರೆಯನ್ನು ಹುಡುಕುತ್ತಾರೆ. ಮದುವೆ ಮನೆಯವರು ಉಡುಗೊರೆಗಾಗಿ ಒಮ್ಮೆಗೇ ಹಲವು ಸೀರೆಗಳನ್ನು ಕೇಳುತ್ತಾರೆ. ಮಹಾರಾಷ್ಟ್ರದಲ್ಲಿಯೂ ಈ ಸೀರೆಯನ್ನು ಉಡುವ ರೂಢಿಯಿದೆ. ಮೊದಲನೆಯವರಿಗೆ ನೇಯ್ಗೆಯ ವಿವರ ಮತ್ತು ದೂರದೂರಿಗೆ ಕಳುಹಿಸುವ ವ್ಯವಸ್ಥೆ ಮುಖ್ಯ. ಎರಡನೆಯವರಿಗೆ ಬೆಲೆ ಮತ್ತು ಸೀರೆ ಕೈಸೇರುವ ದಿನ ಮುಖ್ಯ. ಮೂರನೆಯವರಿಗೆ ಮರಾಠಿಯಲ್ಲಿ ಒಂದು ಪುಟವಾದರೂ ಇರಬೇಕು. ಇವರಲ್ಲಿ ಯಾರಿಗೆ ಆದ್ಯತೆ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ತಾಣವು ಎಲ್ಲರಿಗೂ ಅರ್ಧಂಬರ್ಧ ಉತ್ತರ ನೀಡುತ್ತದೆ.

ಅವರು ಬಳಸುವ ಮಾತು

ಗೂಗಲ್‌ನಲ್ಲಿ ಹುಡುಕುವವರು ತಮಗೆ ರೂಢಿಯಾದ ಪದವನ್ನೇ ಬಳಸುತ್ತಾರೆ. ಒಬ್ಬರು ‘ಇಳಕಲ್’ ಎಂದರೆ ಮತ್ತೊಬ್ಬರು ‘ಇಲಕಲ್’ ಎನ್ನುತ್ತಾರೆ. ಮರಾಠಿಗರು ‘ಇರಕಲ್’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿಯೂ ಈ ಹೆಸರನ್ನು ಹಲವು ಬಗೆಯಲ್ಲಿ ಬರೆಯುವುದುಂಟು. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಅವರದೇ ಮಾತಿನಲ್ಲಿ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ತಾಣದ ಪುಟಗಳ ಪಟ್ಟಿಯಾಗುತ್ತದೆ. ‘ಒಗೆದರೆ ಬಣ್ಣ ಬಿಡುತ್ತದೆಯೇ?’, ‘ಒಡಲು ಹತ್ತಿಯದೋ ರೇಷ್ಮೆಯದೋ?’, ‘ಕೈಮಗ್ಗದ್ದೆಂದು ಗುರುತಿಸುವುದು ಹೇಗೆ?’ ಎಂಬ ಒಂದೊಂದು ಪ್ರಶ್ನೆಗೂ ಒಂದೊಂದು ಪುಟದಲ್ಲಿ ನೇರವಾದ ಉತ್ತರವಿರಲಿ.

ಕನ್ನಡದ ಬರಹವನ್ನು ಯುನಿಕೋಡ್‌ನಲ್ಲಿಯೇ ಹಾಕಬೇಕೆಂದು ತಾಣ ರಚಿಸುವವರಿಗೆ ಮೊದಲೇ ತಿಳಿಸಬೇಕು. ಯುನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕಾಟದ ಯಂತ್ರಕ್ಕೆ ಅದು ಕನ್ನಡವಲ್ಲ. ವಿವರಗಳನ್ನೆಲ್ಲ ಚಿತ್ರದೊಳಗೆ ಸೇರಿಸಿ ಇಡುವುದೂ ತರವಲ್ಲ. ಕಟ್ಟಿದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಬರಹವನ್ನೆಲ್ಲ ಮತ್ತೆ ಸಿದ್ಧಪಡಿಸಬೇಕಾಗುತ್ತದೆ.

ದಾರಿಗಳು

ಹೊಸ ತಾಣವನ್ನು ಗೂಗಲ್ ಗುರುತಿಸಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು. ಹುಡುಕಾಟದಲ್ಲಿ ಮೇಲಿನ ಸಾಲಿಗೆ ಬರಲು ಇನ್ನೂ ಹೆಚ್ಚು ಕಾಲ ಬೇಕು. ಆದುದರಿಂದ ಆರಂಭದ ತಿಂಗಳುಗಳಲ್ಲಿ ನಮ್ಮನ್ನು ಬಲ್ಲವರ ಮೂಲಕವೇ ಜನರು ಬರಬೇಕು. ಹಳೆಯ ಗಿರಾಕಿಗಳಿಗೆ ವಾಟ್ಸಾಪ್ ಸಂದೇಶ ಕಳುಹಿಸಬಹುದು, ಆದರೆ ಅವರ ಒಪ್ಪಿಗೆ ಪಡೆದು. ಸೀರೆಯ ಪೆಟ್ಟಿಗೆಯ ಮೇಲೆ ತಾಣದ ಹೆಸರನ್ನೂ ಕ್ಯೂಆರ್ ಸಂಕೇತವನ್ನೂ ಮುದ್ರಿಸಬಹುದು. ಜಾತ್ರೆ, ಕೈಮಗ್ಗ ಮೇಳಗಳ ಮಳಿಗೆಯಲ್ಲಿ ಫಲಕ ಹಾಕಬಹುದು. ಗಿರಾಕಿಗಳು ಬಂದುಹೋಗುವ ಅಂಗಡಿಯಿದ್ದರೆ ಗೂಗಲ್ ನಕ್ಷೆಯಲ್ಲಿ ಅದನ್ನು ಉಚಿತವಾಗಿ ನೋಂದಾಯಿಸಬಹುದು. ಇದಕ್ಕೆ ತಾಣ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ.

ಪೆಟ್ಟಿಗೆ, ಚೀಲ, ಫಲಕಗಳ ಮೇಲೆಲ್ಲ ಅಚ್ಚಾಗುವುದರಿಂದ ತಾಣದ ಹೆಸರು ಚಿಕ್ಕದಾಗಿರಲಿ, ದೂರವಾಣಿಯಲ್ಲಿ ಒಮ್ಮೆ ಹೇಳಿದರೆ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಅದನ್ನು ತಾಣ ರಚಿಸುವವರ ಹೆಸರಿನಲ್ಲಿ ಅಲ್ಲ, ಕುಟುಂಬದ ಹೆಸರಿನಲ್ಲಿಯೇ ನೋಂದಾಯಿಸಬೇಕು ಮತ್ತು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಹೆಸರು ಕೈತಪ್ಪಿದರೆ ಮಾಡಿದ ಪ್ರಚಾರವೆಲ್ಲ ವ್ಯರ್ಥವಾಗುತ್ತದೆ.

ಕೈಯಲ್ಲಿರುವ ಹಣವನ್ನೆಲ್ಲ ತಾಣದ ಅಂದಚಂದಕ್ಕೇ ವ್ಯಯಿಸಬಾರದು. ಉತ್ತಮ ಛಾಯಾಚಿತ್ರ, ಮುದ್ರಣ ಮತ್ತು ಮೊದಲ ವರ್ಷದ ಪ್ರಚಾರಕ್ಕೆ ಒಂದು ಪಾಲನ್ನು ಮೊದಲೇ ಬೇರೆ ತೆಗೆದಿಡಬೇಕು. ದೀಪಾವಳಿಯ ಮಾರಾಟವನ್ನು ನಿರೀಕ್ಷಿಸುವವರು ಎರಡು ಮೂರು ತಿಂಗಳು ಮೊದಲೇ ತಾಣವನ್ನು ತೆರೆಯುವುದು ಲೇಸು.

ಎಷ್ಟು ಹೇಳಬೇಕು?

ಪ್ರಚಾರವೆಂದರೆ ಕಾಣದ ವ್ಯಕ್ತಿಗೆ ಕೊಡುವ ಮಾತು. ಕೈಮಗ್ಗದಲ್ಲಿ ಒಂದು ಸೀರೆ ಸಿದ್ಧವಾಗಲು ಹಲವು ದಿನಗಳು ಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿಗಳ ಮೂಲಕ ಕೂಡಿಸುತ್ತಾರೆ. ಕೆಂಪು ಬಿಳುಪಿನ ಟೋಪಿ ತೆನಿ ಸೆರಗು ಮೂಡುವುದು ಹೀಗೆ. ಇದು ಅವಸರದಲ್ಲಿ ಆಗುವ ಕೆಲಸವಲ್ಲ. ತಿಂಗಳಿಗೆ ಕೆಲವೇ ಸೀರೆಗಳನ್ನು ನೇಯಬಲ್ಲ ಮನೆಗೆ ನೂರಾರು ಬೇಡಿಕೆ ಬಂದರೆ ಅಲ್ಲಿ ಪರೀಕ್ಷೆ ಆರಂಭವಾಗುತ್ತದೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಯನ್ನು ತಂದು ಕೈಮಗ್ಗದ್ದೆಂದು ಕಳುಹಿಸುವ ಆಸೆ ಹುಟ್ಟುವುದು ಆಗಲೇ. ಹಾಗೆ ಮಾಡಿದರೆ ಹೋಗುವುದು ಒಂದು ಮನೆಯ ಹೆಸರು ಮಾತ್ರವಲ್ಲ. ಊರಿನ ಎಲ್ಲ ನೇಕಾರರ ಮೇಲಿನ ವಿಶ್ವಾಸವೂ ಕುಂದುತ್ತದೆ.

ಆಯ್ದಕ್ಕಿ ಮಾರಯ್ಯನವರು ನಿತ್ಯದ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಆ ಎಚ್ಚರ ಇಲ್ಲಿಯೂ ಬೇಕು. ಮಗ್ಗ ಕೊಡಬಲ್ಲಷ್ಟನ್ನೇ ತಾಣದಲ್ಲಿ ತೋರಿಸಬೇಕು. ‘ಈ ತಿಂಗಳ ಸೀರೆಗಳು ಮುಗಿದಿವೆ, ಮುಂದಿನವು ಇಂಥ ದಿನ ಸಿದ್ಧವಾಗುತ್ತವೆ’ ಎಂದು ಬರೆಯಲು ತಾಣದಲ್ಲಿ ಸ್ಥಳವಿರಬೇಕು. ಈ ಅನುಕೂಲವನ್ನು ರಚನೆಯ ಹಂತದಲ್ಲಿಯೇ ಕೇಳಿ ಮಾಡಿಸಿಕೊಳ್ಳಬೇಕು.

ಕಾನೂನು ಸಹ ಪಾರದರ್ಶಕತೆಯನ್ನೇ ಬಯಸುತ್ತದೆ. ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ತಾಣದ ಮೂಲಕ ಮಾರುವವರು ತಮ್ಮ ಹೆಸರು, ವಿಳಾಸ, ಸಂಪರ್ಕ ಮತ್ತು ವಸ್ತುವನ್ನು ಹಿಂತಿರುಗಿಸುವ ನಿಯಮವನ್ನು ಸ್ಪಷ್ಟವಾಗಿ ಪ್ರಕಟಿಸಬೇಕು. ದೂರು ಬಂದರೆ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ಸೋಗಿನಲ್ಲಿ ನಮ್ಮ ವಸ್ತುವನ್ನು ನಾವೇ ಹೊಗಳಿ ಬರೆಯುವುದು ನಿಷಿದ್ಧ.

ಕಾಗದದ ಮೇಲಿನ ನಾಲ್ಕು ಸಾಲು

ತಾಣ ರಚಿಸುವವರ ಬಳಿಗೆ ಹೋಗುವ ಮುನ್ನ ಮನೆಮಂದಿಯೆಲ್ಲ ಕುಳಿತು ನಾಲ್ಕು ಸಾಲುಗಳನ್ನು ಬರೆದುಕೊಳ್ಳಲಿ: ನಮ್ಮ ಗಿರಾಕಿ ಯಾರು, ಅವರು ಯಾವ ಮಾತಿನಿಂದ ನಮ್ಮನ್ನು ಹುಡುಕುತ್ತಾರೆ, ಯಾವ ದಾರಿಗಳಿಂದ ಅವರಿಗೆ ಸುದ್ದಿ ಮುಟ್ಟಿಸುತ್ತೇವೆ, ತಿಂಗಳಿಗೆ ಎಷ್ಟು ಕೊಡಬಲ್ಲೆವು. ತಾಣ ತೆರೆದ ನಂತರ ಪ್ರತಿಯೊಬ್ಬ ಹೊಸ ಗಿರಾಕಿಗೂ ‘ನಮ್ಮ ವಿಷಯ ಎಲ್ಲಿ ತಿಳಿಯಿತು?’ ಎಂದು ಕೇಳಿ ಬರೆದಿಟ್ಟರೆ, ಯಾವ ದಾರಿಗೆ ಮುಂದೆ ಹಣ ಹಾಕಬೇಕೆಂಬುದು ವರ್ಷದೊಳಗೆ ತಿಳಿದುಬರುತ್ತದೆ.

ಈ ನಾಲ್ಕು ಸಾಲುಗಳಿಗೆ ಉತ್ತರ ದೊರೆಯದಿದ್ದರೆ ತಾಣಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲವೆಂದು ತಿಳಿದು ಹಣವನ್ನು ಉಳಿಸಿಕೊಳ್ಳುವುದೇ ಲೇಸು. ಉತ್ತರ ದೊರೆತರೆ ಸರಳವಾದ ಐದಾರು ಪುಟಗಳ ತಾಣವೂ ಕಾಯಕಕ್ಕೆ ಆಸರೆಯಾಗುತ್ತದೆ. ನುಡಿದಂತೆ ನಡೆಯಲು ಸಾಧ್ಯವಾಗುವಷ್ಟನ್ನೇ ನುಡಿಯೋಣ. ಸತ್ಯಶುದ್ಧ ಕಾಯಕದ ಸುದ್ದಿಯನ್ನು ಅದನ್ನು ಮೆಚ್ಚುವವರ ಬಾಗಿಲಿಗೆ ತಲುಪಿಸೋಣ.