ಮೊಬೈಲ್ ಆ್ಯಪುಗಳಲ್ಲಿ ಪುಟ ಸರಿಯದಿರುವ ದೋಷವೂ ಅದರ ನಿವಾರಣೋಪಾಯಗಳೂ

ಕರ್ನಾಟಕದಲ್ಲಿ 2020ನೆಯ ಇಸವಿಯ ಮುಂಗಾರಿನಿಂದ ರೈತರು ತಮ್ಮ ಜಮೀನಿನ ಬೆಳೆಯ ವಿವರಗಳನ್ನು ಮೊಬೈಲ್ ಆ್ಯಪಿನ ಮೂಲಕ ತಾವೇ ದಾಖಲು ಮಾಡುವ ಏರ್ಪಾಡು ಜಾರಿಗೆ ಬಂದಿರುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ನಷ್ಟದ ಪರಿಹಾರ ಮೊದಲಾದವುಗಳಿಗೆ ಇಂತಹ ದಾಖಲೆಗಳು ಆಧಾರವಾಗುತ್ತವೆ. ಇದಲ್ಲದೆ ಸಹಕಾರ ಸಂಘಗಳೂ ರೈತ ಉತ್ಪಾದಕರ ಸಂಸ್ಥೆಗಳೂ ತಮ್ಮ ಸದಸ್ಯರಿಗಾಗಿ ಬೇರೆ ಆ್ಯಪುಗಳನ್ನು ಮಾಡಿಸುವುದುಂಟು.

ಒಂದು ಆ್ಯಪಿನಲ್ಲಿ ನಮೂನೆಯ ಮೇಲ್ಭಾಗ ಮಾತ್ರ ಕಾಣಿಸಿ, ಬೆರಳಿನಿಂದ ಎಷ್ಟು ಸರಿಸಿದರೂ ಕೆಳಭಾಗವು ಮೇಲಕ್ಕೆ ಬಾರದೆ, ‘ಸಲ್ಲಿಸಿ’ ಎಂಬ ಗುಂಡಿಯೇ ದೊರೆಯದೆ ಹೋದರೆ, ರೈತನು ಅದನ್ನು ತನ್ನ ಅಜ್ಞಾನವೆಂದೇ ಭಾವಿಸಿ ಸುಮ್ಮನಾಗುವನು. ಅಷ್ಟರಲ್ಲಿ ಗಡುವು ಮೀರುವುದು. ವಾಸ್ತವವಾಗಿ ಇದು ಬೆರಳಿನ ದೋಷವಲ್ಲ. ಪುಟವನ್ನು ಜೋಡಿಸಿದವನ ಅಳತೆಯ ದೋಷ. ಆದುದರಿಂದ ಇದರ ಕಾರಣಗಳನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕ.

ಸರಿಯುವ ಪುಟಕ್ಕೆ ಎರಡು ಅಳತೆಗಳುಂಟು. ಒಂದು, ಪರದೆಯ ಮೇಲೆ ಅದಕ್ಕೆ ಕೊಟ್ಟಿರುವ ಕಿಟಕಿಯ ಎತ್ತರ. ಮತ್ತೊಂದು, ಅದರೊಳಗಿನ ಬರಹದ ಎತ್ತರ. ಕಿಟಕಿಯ ಎತ್ತರ ಗೊತ್ತಾಗಿದ್ದು, ಒಳಗಿನದು ಅದಕ್ಕಿಂತ ಹೆಚ್ಚಾದಾಗ ಮಾತ್ರ ಪುಟವು ಸರಿಯುವುದು. ಏರಿಯಿಲ್ಲದ ಕೆರೆಯಲ್ಲಿ ನೀರು ಹೇಗೆ ನಿಲ್ಲದೋ ಹಾಗೆಯೇ ಮಿತಿಯಿಲ್ಲದ ಕಿಟಕಿಯಲ್ಲಿ ಪುಟವು ಸರಿಯದೆ ಪರದೆಯಿಂದಾಚೆಗೆ ಹರಿದುಹೋಗುವುದು. ಸಾಧಾರಣವಾಗಿ ಕಂಡುಬರುವ ದೋಷಗಳು ಈ ಕೆಳಗಿನಂತಿವೆ.

1. ಸರಿಯುವ ಚೌಕಟ್ಟಿಲ್ಲದಿರುವುದು. ಆಂಡ್ರಾಯ್ಡಿನ ಲಿನಿಯರ್‌ಲೇಔಟ್, ಕನ್‌ಸ್ಟ್ರೈಂಟ್‌ಲೇಔಟ್ ಮೊದಲಾದ ಜೋಡಣೆಗಳು ತಾವಾಗಿ ಸರಿಯತಕ್ಕವಲ್ಲ. ಅವುಗಳನ್ನು ಸ್ಕ್ರೋಲ್‌ವ್ಯೂ ಎಂಬ ಚೌಕಟ್ಟಿನೊಳಗೆ ಇಡತಕ್ಕದ್ದು. ಈ ಚೌಕಟ್ಟು ನೇರವಾಗಿ ಒಂದೇ ವಸ್ತುವನ್ನು ಧರಿಸಬಲ್ಲದು; ಎರಡನ್ನಿಟ್ಟರೆ ಆ್ಯಪು ನಿಂತುಹೋಗುವುದು. ಆದುದರಿಂದ ನಮೂನೆಯ ಎಲ್ಲ ಅಂಕಣಗಳನ್ನೂ ಮೊದಲು ಒಂದು ಜೋಡಣೆಯಲ್ಲಿ ಸೇರಿಸಿ, ಅದನ್ನು ಚೌಕಟ್ಟಿನೊಳಗೆ ಇಡಬೇಕು. ಚೌಕಟ್ಟಿನ ಮೇಲಂಚನ್ನು ಶೀರ್ಷಿಕೆಗೂ ಕೆಳಂಚನ್ನು ಪರದೆಯ ತಳಕ್ಕೂ ಬಂಧಿಸಿ, ಕನ್‌ಸ್ಟ್ರೈಂಟ್‌ಲೇಔಟಿನಲ್ಲಾದರೆ ಎತ್ತರವನ್ನು 0 ಡಿಪಿ ಎಂದು ನಮೂದಿಸಿದಲ್ಲಿ ಅದಕ್ಕೆ ತಕ್ಕ ಮಿತಿಯುಂಟಾಗುವುದು.

2. ಸರಿಯುವುದರೊಳಗೆ ಮತ್ತೊಂದು ಸರಿಯುವುದನ್ನಿಡುವುದು. ಸರ್ವೆ ನಂಬರುಗಳ ಪಟ್ಟಿಯನ್ನು ಲಿಸ್ಟ್‌ವ್ಯೂ ಆಗಿ ಸ್ಕ್ರೋಲ್‌ವ್ಯೂವಿನೊಳಗೆ ಇಟ್ಟರೆ ಸಾಮಾನ್ಯವಾಗಿ ಒಂದು ಸಾಲಿನ ಎತ್ತರವಷ್ಟೇ ಕಾಣಿಸುವುದು. ರಿಸೈಕ್ಲರ್‌ವ್ಯೂವನ್ನು ನೆಸ್ಟೆಡ್‌ಸ್ಕ್ರೋಲ್‌ವ್ಯೂವಿನೊಳಗೆ ಅದರ ಪೂರ್ಣ ಎತ್ತರಕ್ಕೆ ಬಿಟ್ಟರೆ ಪುಟ ಸರಿಯುವುದಾದರೂ, ಕಾಣದ ಸಾಲುಗಳೂ ಸೇರಿ ಎಲ್ಲವೂ ಒಮ್ಮೆಗೇ ಸಿದ್ಧವಾಗುವುದರಿಂದ ಕಡಿಮೆ ಬೆಲೆಯ ಫೋನು ತಡೆತಡೆದು ನಡೆಯುವುದು. ಶೀರ್ಷಿಕೆಯನ್ನೂ ಅಂಕಣಗಳನ್ನೂ ಪಟ್ಟಿಯ ಸಾಲುಗಳನ್ನಾಗಿಯೇ ಮಾಡಿ, ಒಂದು ದಿಕ್ಕಿಗೆ ಒಂದೇ ಸರಿಯುವ ವಸ್ತುವನ್ನಿಡುವುದು ಉತ್ತಮ. ಫ್ಲಟರಿನಲ್ಲಿ ಮಾಡಿದ ಆ್ಯಪಾದರೆ, ಕಾಲಮ್ ಒಳಗಿನ ಲಿಸ್ಟ್‌ವ್ಯೂವಿಗೆ ಎತ್ತರದ ಮಿತಿಯಿಲ್ಲವೆಂಬ ದೋಷ ತೋರುವುದು. ಅದನ್ನು ಎಕ್ಸ್‌ಪ್ಯಾಂಡೆಡ್ ಎಂಬುದರಲ್ಲಿ ಸುತ್ತಿದರೆ ಉಳಿದ ಸ್ಥಳವೇ ಅದರ ಮಿತಿಯಾಗುವುದು. ಜಮೀನಿನ ನಕ್ಷೆಯನ್ನು ನಮೂನೆಯ ನಡುವೆ ಇಟ್ಟಲ್ಲಿಯೂ, ಬೆರಳಿನ ಎಳೆತಕ್ಕೆ ಪುಟ ಸರಿಯಬೇಕೋ ನಕ್ಷೆ ಸರಿಯಬೇಕೋ ಎಂಬ ತೊಡಕುಂಟಾಗುವುದರಿಂದ, ನಕ್ಷೆಯನ್ನು ಪ್ರತ್ಯೇಕ ಪುಟದಲ್ಲಿ ತೆರೆಯುವುದು ಲೇಸು.

3. ಕೀಲಿಮಣೆಯು ಪುಟವನ್ನು ಮುಚ್ಚುವುದು. ಎಕರೆ ಗುಂಟೆಗಳನ್ನು ಬರೆಯಲು ಕೀಲಿಮಣೆ ಮೇಲೆದ್ದಾಗ ಕಿಟಕಿಯು ಕಿರಿದಾಗದಿದ್ದರೆ ಕೊನೆಯ ಅಂಕಣಗಳು ಅದರ ಹಿಂದೆ ಅಡಗುವುವು. ಇದಕ್ಕೆ ಅಡ್ಜಸ್ಟ್‌ರೀಸೈಜ್ ಎಂಬ ವಿಧಿಯುಂಟು. 2024ರಲ್ಲಿ ಬಂದ ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸಿದ ಆ್ಯಪುಗಳಲ್ಲಿ ಪುಟವು ಪರದೆಯ ಅಂಚಿನಿಂದ ಅಂಚಿಗೆ ಹರಡುವುದರಿಂದ, ಕೀಲಿಮಣೆಗೂ ತಳದ ಪಟ್ಟಿಗೂ ಬೇಕಾದ ಅಂತರವನ್ನು ಆ್ಯಪೇ ಲೆಕ್ಕ ಹಾಕಿ ಬಿಡತಕ್ಕದ್ದು.

4. ಅಕ್ಷರದ ಗಾತ್ರವನ್ನು ಗಣಿಸದಿರುವುದು. ಕನ್ನಡಕ್ಕೆ ಮೇಲೆ ಗುಣಿತದ ಚಿಹ್ನೆಗಳೂ ಕೆಳಗೆ ಒತ್ತಕ್ಷರಗಳೂ ಇರುವುದರಿಂದ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕಾಗುವುದು. ವಯಸ್ಸಾದವರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವರು. 2023ರ ಆಂಡ್ರಾಯ್ಡ್ 14ರಲ್ಲಿ ಇದನ್ನು ಶೇಕಡಾ 200ರವರೆಗೆ ಹೆಚ್ಚಿಸಬಹುದು. ಇಂಗ್ಲಿಷಿನಲ್ಲಿ ಒಂದೇ ಪರದೆಗೆ ಹಿಡಿದ ನಮೂನೆಯು ಆಗ ಹಿಡಿಯಲಾರದು. ಆದುದರಿಂದ ಬರಹವಿರುವ ಅಂಕಣಗಳಿಗೆ ಕಡಮೆಯ ಮಿತಿಯನ್ನು ಮಾತ್ರ ಕೊಟ್ಟು, ಬರಹಕ್ಕೆ ತಕ್ಕಂತೆ ಬೆಳೆಯಲು ಬಿಡತಕ್ಕದ್ದು. ಚಿಕ್ಕದೆಂದು ತೋರುವ ನಮೂನೆಯನ್ನೂ ಸರಿಯುವ ಚೌಕಟ್ಟಿನಲ್ಲಿಯೇ ಇಡತಕ್ಕದ್ದು.

ಸಂಘಕ್ಕಾಗಿ ಆ್ಯಪು ಮಾಡಿಸುವ ಮುಖಂಡರು ಹಣ ಪಾವತಿ ಮಾಡುವುದಕ್ಕೆ ಮೊದಲು ಒಂದು ಪರೀಕ್ಷೆಯನ್ನು ನಡೆಸಬೇಕು. ಗ್ರಾಮದಲ್ಲಿ ದೊರೆಯುವ ಅತಿ ಚಿಕ್ಕ ಪರದೆಯ ಫೋನನ್ನು ತೆಗೆದುಕೊಂಡು, ಭಾಷೆಯನ್ನು ಕನ್ನಡಕ್ಕೂ ಅಕ್ಷರವನ್ನು ಅತಿ ದೊಡ್ಡ ಗಾತ್ರಕ್ಕೂ ಇರಿಸಿ, ಕೀಲಿಮಣೆಯನ್ನು ತೆರೆದು ಒಮ್ಮೆ, ಫೋನನ್ನು ಅಡ್ಡಲಾಗಿ ಹಿಡಿದು ಮತ್ತೊಮ್ಮೆ, ‘ಸಲ್ಲಿಸಿ’ ಗುಂಡಿಯವರೆಗೆ ತಲಪಲು ಸಾಧ್ಯವೇ ಎಂದು ನೋಡತಕ್ಕದ್ದು.

ಈಗಾಗಲೇ ಬಳಕೆಯಲ್ಲಿರುವ ಆ್ಯಪಿನಲ್ಲಿ ಪುಟ ಸರಿಯದಿದ್ದರೆ, ಅಕ್ಷರವನ್ನು ತಾತ್ಕಾಲಿಕವಾಗಿ ಚಿಕ್ಕದು ಮಾಡಿ, ಕೀಲಿಮಣೆಯನ್ನು ಮುಚ್ಚಿ ಪ್ರಯತ್ನಿಸಬಹುದು. ಅನೇಕ ವೇಳೆ ಇಷ್ಟರಿಂದಲೇ ಗುಂಡಿಯು ಕಾಣಿಸಿಕೊಳ್ಳುವುದು. ಆದರೆ ಅಷ್ಟಕ್ಕೇ ಬಿಡಲಾಗದು. ಫೋನಿನ ಮಾದರಿ, ಆಂಡ್ರಾಯ್ಡಿನ ಸಂಖ್ಯೆ, ಅಕ್ಷರದ ಗಾತ್ರ, ಯಾವ ಪುಟದಲ್ಲಿ ತೊಂದರೆಯಾಯಿತೆಂಬುದು, ಇವುಗಳನ್ನು ಪರದೆಯ ಚಿತ್ರದೊಡನೆ ಆ್ಯಪಿನ ಸಹಾಯವಾಣಿಗೆ ಬರೆದು ತಿಳಿಸಬೇಕು. ಹೀಗೆ ವಿವರವಾಗಿ ತಿಳಿಸಿದಲ್ಲಿ ದೋಷವನ್ನು ಕಂಡುಹಿಡಿಯುವುದು ಮಾಡಿದವರಿಗೆ ಸುಲಭವಾಗುವುದಲ್ಲದೆ, ಅದೇ ಬಗೆಯ ಫೋನುಳ್ಳ ಇತರ ರೈತರ ದಾಖಲೆಗಳೂ ಗಡುವಿನೊಳಗೆ ಸೇರುವುವು.